ಮಕ್ಕಳ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಮಕ್ಕಳಿಗೇ ಜಾಗ ಇಲ್ಲ, ಎಂತ ಮಾಡೋಣ?

ಪೇಟೆಮನೆ

ಉಡುಪಿ ಕಡೆಯ ಸಣ್ಣ ಪೇಟೆ ನಮ್ಮದು. ಚರ್ಚ್, ದೇವಸ್ಥಾನ, ಮಸೀದಿ ಮೂರೂ ಕೂಗಳತೆಯಲ್ಲಿ ಉಂಟು. ಪ್ರತಿ ಡಿಸೆಂಬರಿನಲ್ಲಿ ಊರಿನ ಮಕ್ಕಳನ್ನೆಲ್ಲ ಸೇರಿಸಿ ಮೈದಾನದಲ್ಲಿ ಒಂದು ಕ್ರಿಸ್ಮಸ್ ಕಾರ್ಯಕ್ರಮ ಮಾಡುತ್ತೇವೆ. ಯಾವ ಮನೆಯ ಮಕ್ಕಳು ಅಂತ ಯಾರೂ ಕೇಳುವುದಿಲ್ಲ. ಹೆಸರು ಕೊಟ್ಟರೆ ಸಾಕು. ಈ ವರ್ಷದ ತಯಾರಿ ಸಭೆ ಇನ್ನೂ ಆಗಿಲ್ಲ. ಅಷ್ಟರೊಳಗೆ ನಿಮ್ಮ ಹತ್ತಿರ ಕೇಳಿಬಿಡೋಣ ಅಂತ.

ಮೊದಲು ಇದು ತುಂಬ ಸರಳವಾಗಿತ್ತು. ಆಟ, ಹಾಡು, ತಿಂಡಿ, ಸಾಂತಾ, ಮನೆ. ಈಗ ವೇದಿಕೆ ಬಂದಿದೆ. ವೇದಿಕೆ ಬಂದ ಮೇಲೆ ಅತಿಥಿಗಳು ಬಂದರು. ಅತಿಥಿಗಳು ಬಂದ ಮೇಲೆ ಶಾಲು ಬಂತು. ಹೋದ ವರ್ಷ ಆರು ಗಂಟೆಗೆ ಅಂತ ಮಕ್ಕಳನ್ನು ಕರೆದದ್ದು. ಮುಖ್ಯ ಅತಿಥಿ ಬರುವಾಗ ಏಳು ದಾಟಿತ್ತು. ಸ್ವಾಗತ, ಪ್ರಾಸ್ತಾವಿಕ, ದೀಪ, ಕೇಕ್ ಕತ್ತರಿಸುವುದು, ದಾನಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಪ್ರತಿಯೊಂದಕ್ಕೂ ಫೋಟೊ. ಭಾಷಣ ಮಾಡುವವರು "ನಾನು ಜಾಸ್ತಿ ಮಾತಾಡುವುದಿಲ್ಲ" ಅಂತ ಶುರು ಮಾಡಿದರೆ ಮುಂದಿನದ್ದು ನಿಮಗೇ ಗೊತ್ತುಂಟಲ್ಲ.

ವೇದಿಕೆಯ ಪಕ್ಕದಲ್ಲಿ ದೇವದೂತರ ವೇಷ ಹಾಕಿಕೊಂಡ ಮಕ್ಕಳು ಸಾಲಾಗಿ ಕೂತಿದ್ದರು. ಒಂದು ಸಣ್ಣ ಹುಡುಗಿ ರಟ್ಟಿನ ರೆಕ್ಕೆ ಬೆನ್ನಿಗೆ ಕಟ್ಟಿಕೊಂಡೇ ಗೋಡೆಗೆ ಒರಗಿ ನಿದ್ದೆ ಮಾಡಿತು. ರೆಕ್ಕೆ ಮಡಚಿಹೋಯಿತು. ಡ್ಯಾನ್ಸಿಗೆ ಎಬ್ಬಿಸಿದಾಗ ಅದೇ ಕಾರಣಕ್ಕೆ ಅಳು. ಸಾಂತಾ ಬರುವಾಗ ಒಂಬತ್ತೂಕಾಲು. ಅರ್ಧದಷ್ಟು ಮಕ್ಕಳು ಅಪ್ಪಂದಿರ ಹೆಗಲ ಮೇಲೆ ಮಲಗಿದ್ದರು.

ನನ್ನ ಪ್ರಕಾರ ವೇದಿಕೆಯನ್ನೇ ತೆಗೆದುಬಿಡಬೇಕು. ಆದರೆ ದುಡ್ಡು ಕೊಡುವವರಿಗೆ ಏನು ಹೇಳುವುದು? ನಿಮ್ಮ ಊರಿನಲ್ಲಿ ಹೇಗೆ ಮಾಡುತ್ತೀರಿ, ಸ್ವಲ್ಪ ಹೇಳಿ.

ಮೈಕ್‌ಸೆಟ್

ನಾನು ಸೌಂಡ್ ಕೆಲಸದವನು. ಡಿಸೆಂಬರ್ ಅಂದರೆ ನನಗೆ ಸ್ಕೂಲ್ ಡೇ, ಕ್ರಿಸ್ಮಸ್, ದೈವದ ನೇಮ, ಎಲ್ಲ ಒಟ್ಟಿಗೆ. ನೀವು ಹೇಳಿದ್ದು ಎಲ್ಲ ಕಡೆಯೂ ಇದ್ದದ್ದೇ.

ಒಂದು ವಿಷಯ ಸಭೆಯಲ್ಲಿ ಗಟ್ಟಿಯಾಗಿ ಹೇಳಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈದಾನದಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಆದರೆ ಅದು ವರ್ಷಕ್ಕೆ ಹೆಚ್ಚೆಂದರೆ 15 ದಿನ. ಹಗಲು ಹಾಕುವುದಕ್ಕೂ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಅದನ್ನು ಯಾರು ಅಳೆಯುತ್ತಾರೆ ಅಂತ ಕೇಳಬೇಡಿ.

24ರ ಮಧ್ಯರಾತ್ರಿಯ ಬಲಿಪೂಜೆಯನ್ನೇ ನಮ್ಮ ಕಡೆ ಎಷ್ಟೋ ಚರ್ಚ್‌ಗಳು ಸಂಜೆ ಏಳು, ಏಳೂವರೆಗೆ ತಂದಿವೆ. ದೇವರ ಪೂಜೆಯೇ ಬೇಗ ಬಂದಿದೆ, ನಿಮ್ಮ ಶಾಲು ಬೇಗ ಬರಲಿಕ್ಕೆ ಆಗುವುದಿಲ್ವಾ ಅಂತ ಕೇಳಿ.

ಮಕ್ಕಳ ಆಟಕ್ಕೆ ಒಂದು ಸಣ್ಣ ಬಾಕ್ಸ್, ಒಂದು ಕಾರ್ಡ್‌ಲೆಸ್ ಮೈಕ್ ಧಾರಾಳ ಸಾಕು. ಅಡಿ ನಡುಗಿಸುವ ಬೇಸ್ ಬೇಡ. ನನಗೆ ಬಾಡಿಗೆ ಕಡಿಮೆ ಬರುತ್ತದೆ, ಆದರೂ ಹೇಳುತ್ತಿದ್ದೇನೆ.

ಹಳೆಕಾರ್ಯದರ್ಶಿ

ವೇದಿಕೆ ತೆಗೆಯಬೇಕು ಅಂತ ಹೇಳುವುದು ಸುಲಭ. ನಾನು ನಮ್ಮ ಊರಿನ ಇಂಥದ್ದೇ ಕಾರ್ಯಕ್ರಮದಲ್ಲಿ ಬಹಳ ವರ್ಷ ಓಡಾಡಿದವನು. ಸ್ಕೂಲ್ ಡೇಯಲ್ಲಿ ಡ್ಯಾನ್ಸಿಗೆ ಯಾರನ್ನು ತೆಗೆದುಕೊಳ್ಳುತ್ತಾರೆ? ಡ್ರೆಸ್ಸಿಗೆ ದುಡ್ಡು ಕೊಡುವ ಮನೆಯ ಮಕ್ಕಳನ್ನು. ಬೀಡಿ ಕಟ್ಟುವ ಮನೆಯ ಮಗು, ದೋಣಿಗೆ ಹೋಗುವವರ ಮಗು ಮೈಕ್ ಹಿಡಿದು ನಾಲ್ಕು ಸಾಲು ಹಾಡಿದ್ದು ನಮ್ಮ ವೇದಿಕೆಯಲ್ಲೇ. ಅವರಮ್ಮ ಕೆಳಗೆ ನಿಂತು ನೋಡುವುದನ್ನು ನೀವು ನೋಡಿದ್ದರೆ ವೇದಿಕೆ ಬೇಡ ಅಂತ ಹೇಳುತ್ತಿರಲಿಲ್ಲ.

ದಾನಿಗಳ ವಿಷಯವೂ ಹಾಗೆಯೇ. ಪೇಟೆಯ ಜಿನಸಿ ಅಂಗಡಿಯವರು ಅಕ್ಕಿ, ಸಕ್ಕರೆ, ಎಣ್ಣೆ ಸುಮ್ನೆ ಕೊಡುತ್ತಾರೆ. ವರ್ಷಕ್ಕೊಮ್ಮೆ ಅವರ ಹೆಸರು ಹೇಳಿದರೆ ನಮ್ಮ ಗಂಟೇನು ಹೋಗುತ್ತದೆ?

ಪೇಟೆಮನೆ

ಮಕ್ಕಳಿಗೆ ವೇದಿಕೆ ಬೇಕು ಅನ್ನುವ ಮಾತು ಒಪ್ಪಿದೆ ಅಣ್ಣ. ಹಾಗಾದರೆ ವೇದಿಕೆ ಇರಲಿ, ದೊಡ್ಡವರು ಹತ್ತದೇ ಇರಲಿ. ಇದಕ್ಕೆ ನೀವು ಒಪ್ಪುತ್ತೀರಾ?

ಗಲ್ಫ್‌ಬಾಕ್ಸ್

ನಾನು ಹೊರದೇಶದಲ್ಲಿದ್ದು ಊರಿನ ಕಾರ್ಯಕ್ರಮಕ್ಕೆ ದುಡ್ಡು ಕಳಿಸುವವರಲ್ಲಿ ಒಬ್ಬ. ನಮ್ಮ ಪರವಾಗಿ ಹೇಳುತ್ತೇನೆ, ಕೇಳಿ. ಶಾಲು ಬೇಡ ಮಾರಾಯ್ರೆ. ನಮ್ಮ ಅಮ್ಮನ ಕಪಾಟು ತುಂಬ ಅದೇ. ಈ ಸೆಖೆಯ ಊರಲ್ಲಿ ಅದನ್ನು ಯಾರು ಹೊದೆಯುತ್ತಾರೆ? ಸ್ಮರಣಿಕೆಗೆ ಹಾಕುವ ದುಡ್ಡಲ್ಲಿ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿ.

ಹೆಸರು ಬೇಕಾದವರದ್ದು ಗೇಟಿನ ಹತ್ತಿರ ಒಂದು ಬೋರ್ಡಿನಲ್ಲಿ ಬರೆಯಿರಿ. ಇನ್ನೂ ಒಳ್ಳೆಯದು, ಬಡಿಸುವುದಕ್ಕೆ ನಿಲ್ಲಿಸಿ. ರಜೆಯಲ್ಲಿ ಊರಿಗೆ ಬಂದಾಗ ನಾನು ಗೋಳಿಬಜೆಯ ಬುಟ್ಟಿ ಹಿಡಿದು ನಿಂತಿದ್ದೆ. ಪೇಟೆಯ ಅರ್ಧ ಜನ ಮಾತಾಡಿಸಿದರು. ವೇದಿಕೆಯಲ್ಲಿ ಕೂತಿದ್ದರೆ ಯಾರು ಮಾತಾಡಿಸುತ್ತಿದ್ದರು?

ನಿವೃತ್ತಟೀಚರ್

ನಾನು ಮಕ್ಕಳಿಂದ ಕ್ರಿಸ್ಮಸ್ ನಾಟಕ ಮಾಡಿಸಿ ಮಾಡಿಸಿ ಸುಸ್ತಾದವಳು. ಎರಡು ಮಾತು ಹೇಳಲಾ?

ನಾಟಕದಲ್ಲಿ ಯಾವಾಗಲೂ ಒಂದೇ ಜಗಳ. ಮೂವರು ರಾಜರ ಪಾತ್ರಕ್ಕೆ ಒಂಬತ್ತು ಮಕ್ಕಳು ಕೈ ಎತ್ತುತ್ತಾರೆ. ಬೇಕಾದರೆ ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯ ತೆರೆದು ನೋಡಿ. ಮೂಡಣ ದೇಶದಿಂದ ಜೋಯಿಸರು ಬಂದರು ಅಂತ ಉಂಟು. ಎಷ್ಟು ಜನ ಅಂತ ಇಲ್ಲವೇ ಇಲ್ಲ. ಕಾಣಿಕೆ ಮಾತ್ರ ಮೂರು, ಚಿನ್ನ, ಧೂಪ, ರಕ್ತಬೋಳ. ಅದನ್ನು ನೋಡಿ ಮೂವರು ಅಂತ ಆಮೇಲೆ ಬಳಕೆಗೆ ಬಂತು. ಹಾಗಾಗಿ ನಾನು ಒಂಬತ್ತು ಮಕ್ಕಳಿಗೂ ಕಿರೀಟ ಕಟ್ಟಿಸುತ್ತಿದ್ದೆ. ಕುರುಬರು ಬರುವುದು ಲೂಕನಲ್ಲಿ. ಅವರಿಗೂ ಲೆಕ್ಕ ಇಲ್ಲ. ಉಳಿದವರೆಲ್ಲ ತಲೆಗೆ ಬೈರಾಸು ಸುತ್ತಿಕೊಂಡು ಕುರುಬರಾಗುತ್ತಿದ್ದರು. ಯಾರೂ ಹೊರಗೆ ಉಳಿಯಲಿಲ್ಲ.

ಎರಡನೆಯದು ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಈಗ ಅಂಗಡಿಯಿಂದ ಸೆಟ್ ತಂದು, ಲೈಟ್ ಹಾಕಿ, ಸುತ್ತ ಹಗ್ಗ ಕಟ್ಟಿ "ಮುಟ್ಟಬಾರದು" ಅಂತ ಬೋರ್ಡ್ ಹಾಕುತ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ಮಸ್ ಆಚರಿಸಿದ್ದು ನಿಜವಾದ ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ ತಂದು. ಹಳ್ಳಿಯ ಜನ ಹತ್ತಿರ ಬಂದು ನೋಡಲಿ ಅಂತಲೇ ಅದು. ನಮ್ಮ ಕಡೆ ಕತ್ತೆ ಕಷ್ಟ. ಒಂದು ಕರು, ಎರಡು ಆಡು ಸಿಗುವುದಿಲ್ವಾ?

ಗೋದಲಿಯ ಸುತ್ತ ಹಸಿರಿಗೆ ನಮ್ಮ ಮನೆಗಳಲ್ಲಿ ಮೊದಲೇ ರಾಗಿಯೋ ಭತ್ತವೋ ಬಿತ್ತಿ ಇಡುತ್ತಿದ್ದೆವು. ಪ್ರತಿ ಮಗುವಿಗೂ ಒಂದು ತೆಂಗಿನ ಗೆರಟೆ, ಒಂದು ಹಿಡಿ ಮಣ್ಣು, ಒಂದು ಚಿಟಿಕೆ ರಾಗಿ ಕೊಟ್ಟು ಕಳಿಸಿ. ಗೆರಟೆಯ ಕಣ್ಣು ತೂತು ಮಾಡಿ ಕೊಡಿ, ಇಲ್ಲದಿದ್ದರೆ ನೀರು ನಿಂತು ಕೊಳೆಯುತ್ತದೆ. ಹತ್ತು ಹನ್ನೆರಡು ದಿನದಲ್ಲಿ ಬೆರಳುದ್ದ ಬರುತ್ತದೆ. ಕಾರ್ಯಕ್ರಮದ ದಿನ ತಂದು ಅವರವರೇ ಗೋದಲಿಯ ಸುತ್ತ ಇಡಲಿ. ಯಾರದ್ದು ಎತ್ತರ ಬಂದಿದೆ ಅಂತ ಅಳತೆ ನೋಡುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ನೀವು ಬೇರೆ ಮನರಂಜನೆ ಕೊಡಬೇಕಾಗಿಲ್ಲ.

ಮೈಕ್‌ಸೆಟ್

ಕರು ತರುವುದಾದರೆ ಮೊದಲೇ ಹೇಳಿ ಟೀಚರ್, ಬಾಕ್ಸ್ ಇನ್ನೊಂದು ಮೂಲೆಗೆ ಹಾಕುತ್ತೇನೆ. ಬೆದರಿ ಓಡಿದರೆ ನಿಮ್ಮ ಒಂಬತ್ತು ರಾಜರೂ ಹಿಂದೆ ಓಡಬೇಕಾದೀತು. ಸಗಣಿ ತೆಗೆಯುವವರು ಯಾರು ಅಂತಲೂ ಸಭೆಯಲ್ಲಿ ತೀರ್ಮಾನ ಆಗಲಿ.

ಬಂದರುಪೇಟೆ

ನಮ್ಮದು ಬ್ಯಾರಿ ಮನೆ. ನಮ್ಮ ಮಕ್ಕಳು ಇಂಥ ಕಾರ್ಯಕ್ರಮಕ್ಕೆ ಖುಷಿಯಿಂದ ಹೋಗುತ್ತಾರೆ. ಈಸಾ ನೆಬಿ (ಯೇಸು), ಮರ್ಯಮ್ (ಅವರ ತಾಯಿ ಮರಿಯ) ನಮಗೂ ಹೊಸಬರಲ್ಲ, ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಮನೆಯ ಹಿರಿಯರಿಗೆ ತಕರಾರು ಬರುವುದು ತಿಂಡಿಯ ವಿಷಯದಲ್ಲಿ.

ಪ್ಲಮ್ ಕೇಕ್‌ಗೆ ಒಣಹಣ್ಣನ್ನು ರಮ್‌ನಲ್ಲಿ ನೆನೆ ಹಾಕುವ ಪದ್ಧತಿ ಉಂಟು. ಬೇಕರಿಯಿಂದ ತಂದರೆ ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಮಗು ಕೇಳಿದರೆ ನಾವು "ಬೇಡ ಮಗಾ" ಅನ್ನಬೇಕಾಗುತ್ತದೆ. ಪಕ್ಕದ ಭಟ್ಟರ ಮನೆಯ ಮಗುವಿಗೆ ಮೊಟ್ಟೆಯ ಕಾರಣಕ್ಕೆ ಅವರಮ್ಮನೂ ಅದನ್ನೇ ಹೇಳುತ್ತಾರೆ. ಇಬ್ಬರು ಮಕ್ಕಳು ಖಾಲಿ ತಟ್ಟೆ ಹಿಡಿದು ಒಟ್ಟಿಗೆ ನಿಂತಿದ್ದನ್ನು ನಾನು ನೋಡಿದ್ದೇನೆ.

ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿ ಮೊಟ್ಟೆ ಇಲ್ಲದೆ ಒಂದೇ ಥರದ ಕೇಕ್ ಎಲ್ಲರಿಗೂ ಮಾಡಿಸಬಹುದು. ಎರಡು ಥರ ಮಾಡಿ ಎರಡು ಸಾಲು ನಿಲ್ಲಿಸಬೇಡಿ.

ಕುಸ್ವಾರ್‌ಬಾಯಿ

ಬಂದರುಪೇಟೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಕೇಕ್ ಹಿಂದೆ ಯಾಕೆ ಓಡುತ್ತೀರಿ? ನಮ್ಮ ನತಾಲಿಗೆ, ಅಂದರೆ ಕ್ರಿಸ್ಮಸ್ಸಿಗೆ, ಮನೆಯಲ್ಲೇ ಮಾಡುವ ಕುಸ್ವಾರ್ ತಿಂಡಿಗಳು ಉಂಟಲ್ಲ. ಕರಿಗಡುಬಿನಂಥ ನೆವ್ರಿಯ ಒಳಗೆ ಎಳ್ಳು, ಕೊಬ್ಬರಿ, ಸಕ್ಕರೆ, ಗೇರುಬೀಜ, ಒಣದ್ರಾಕ್ಷಿ, ಏಲಕ್ಕಿ. ಅದರಲ್ಲಿ ರಮ್ಮೂ ಇಲ್ಲ, ಮೊಟ್ಟೆಯೂ ಇಲ್ಲ. ಹೂವಿನ ಅಚ್ಚಲ್ಲಿ ಕರಿಯುವ ಕೊಕ್ಕಿಸಕ್ಕೆ ಹೆಚ್ಚಿನ ಮನೆಗಳಲ್ಲಿ ಮೊಟ್ಟೆ ಹಾಕುತ್ತಾರೆ, ಅದನ್ನು ಬಿಡಿ.

ಕಿಡಿಯೊ ಮಾತ್ರ ಮಕ್ಕಳಿಂದಲೇ ಮಾಡಿಸಿ. ಮೈದಾ, ತೆಂಗಿನ ಹಾಲು, ಸ್ವಲ್ಪ ಉಪ್ಪು ಹಾಕಿ ಹಿಟ್ಟು ಕಲಸಿಟ್ಟರೆ ಸಾಕು. ನೆಲ್ಲಿಕಾಯಿಗಿಂತ ಸಣ್ಣ ಉಂಡೆ ತೆಗೆದುಕೊಂಡು ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಹರಡಬೇಕು. ಆಮೇಲೆ ತುದಿಯಿಂದ ಸುರುಳಿ ಸುತ್ತಿ ತೆಗೆಯಬೇಕು. ಹೊರಗೆ ಗೆರೆ ಗೆರೆ ಬೀಳುತ್ತದೆ. ಫೋರ್ಕ್ ಸಾಕಾಗದಿದ್ದರೆ ಹೊಸ ಬಾಚಣಿಗೆ ತೊಳೆದು ಕೊಡಿ, ನಮ್ಮ ಅಜ್ಜಿ ಅದರಲ್ಲೇ ಮಾಡುತ್ತಿದ್ದರು. ಮೊದಲ ನಾಲ್ಕು ವಕ್ರವಾಗುತ್ತದೆ, ಐದನೆಯದಕ್ಕೆ ಕೈ ಕೂರುತ್ತದೆ. ಹಿಟ್ಟು ಒಣಗದ ಹಾಗೆ ಒದ್ದೆ ಬಟ್ಟೆ ಮುಚ್ಚಿಡಿ.

ಎಣ್ಣೆಯ ಹತ್ತಿರ ಒಂದು ಮಗುವೂ ಸುಳಿಯಬಾರದು. ಒಲೆ ಬೇರೆ ಕಡೆ ಇರಲಿ, ಕರಿಯುವುದು, ಸಕ್ಕರೆ ಪಾಕ ಹಾಕುವುದು ದೊಡ್ಡವರು. ಮನೆಗೆ ಹೋಗುವಾಗ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡಿ.

ಕುಡಿಯಲಿಕ್ಕೆ ಪುನರ್ಪುಳಿ ಶರಬತ್ತು ಮಾಡಿ. ಬಾಟಲಿ ಜ್ಯೂಸ್ ಬೇಡವೇ ಬೇಡ.

ವೇಷಧಾರಿ

ಎಲ್ಲರೂ ಸಾಂತಾನನ್ನು ಮರೆತೇಬಿಟ್ಟಿರಿ! ಅವನ ಕಷ್ಟ ಹೇಳಲಿಕ್ಕೆ ನಾನು ಬಂದಿದ್ದೇನೆ.

ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ. ಡಿಸೆಂಬರಿನಲ್ಲಿ ನನ್ನ ಹೊಟ್ಟೆ ನೋಡಿ ಸಾಂತಾ ಆಗಲಿಕ್ಕೆ ಕರೆಯುತ್ತಾರೆ. ಕರಾವಳಿಯಲ್ಲಿ ಡಿಸೆಂಬರಿನ ಹಗಲೂ 32 ಡಿಗ್ರಿ ಮುಟ್ಟುತ್ತದೆ. ಬಾಡಿಗೆಗೆ ಸಿಗುವ ಡ್ರೆಸ್ ದಪ್ಪ ವೆಲ್ವೆಟ್, ಒಳಗೆ ತಲೆದಿಂಬು, ಮುಖಕ್ಕೆ ಪ್ಲಾಸ್ಟಿಕ್ ಮುಖವಾಡ. ಕಿರೀಟ ಕಟ್ಟಿ ಅರ್ಧ ರಾತ್ರಿ ಕುಣಿದರೂ ನಾನು ಇಷ್ಟು ಬೆವರಿಲ್ಲ. ಮುಖವಾಡ ಸಾಂತಾನಿಗೂ ಕಷ್ಟ, ಮಕ್ಕಳಿಗೂ ಭಯ. ಕಣ್ಣು ಅಲ್ಲಾಡದ ಮುಖ ಹತ್ತಿರ ಬಂದರೆ ಎರಡು ವರ್ಷದ ಮಗು ಅಳದೆ ಏನು ಮಾಡುತ್ತದೆ? ಕೆಂಪು ಹತ್ತಿ ಬಟ್ಟೆಯ ತೆಳು ಅಂಗಿ ಹೊಲಿಸಿ. ಹತ್ತಿಯ ಗಡ್ಡ ಅಂಟಿಸಿ. ಮುಖ ಕಾಣಲಿ. ಅಳುವ ಮಗುವನ್ನು ಫೋಟೊಕ್ಕಾಗಿ ಎಳೆದು ತೊಡೆಯ ಮೇಲೆ ಕೂರಿಸಬೇಡಿ. ಅದು ತಂದೆತಾಯಿಗೂ ಹೇಳುವ ಮಾತು.

ಡಿಜೆ ಹಾಕಿ ಸಾಂತಾನನ್ನು ಕುಣಿಸುವುದು ಈಗ ಕಡ್ಡಾಯ ಆಗಿದೆ. ನಾನು ಕುಣಿಯುವುದಿಲ್ಲ ಅಂತಲ್ಲ. ಆದರೆ ಒಮ್ಮೆ ಮರದ ಕೆಳಗೆ ಕೂತು ಸಂತ ನಿಕೊಲಸನ ಕತೆ ಹೇಳಿದೆ. ನಾಲ್ಕನೇ ಶತಮಾನದಲ್ಲಿ ಮೈರಾದಲ್ಲಿ ಬಿಷಪ್ ಆಗಿದ್ದವರು, ಆ ಊರು ಇವತ್ತಿನ ಟರ್ಕಿಯಲ್ಲಿದೆ. ಅವರ ಹಬ್ಬ ಡಿಸೆಂಬರ್ 6ಕ್ಕೆ. ಬಡವನ ಮೂರು ಹೆಣ್ಣುಮಕ್ಕಳ ಮದುವೆಗೆ ರಾತ್ರಿ ಗುಟ್ಟಾಗಿ ಹಣದ ಚೀಲ ಎಸೆದು ಹೋದರು ಅಂತ ಐತಿಹ್ಯ. "ಸಿಕ್ಕಿಬಿದ್ದರಾ?" ಅಂತ ಒಬ್ಬ ಹುಡುಗ ಕೇಳಿದ. ಮೂರನೇ ಸಲ ಸಿಕ್ಕಿಬಿದ್ದರು ಅಂದೆ. ಆಮೇಲೆ ಡಿಜೆಯನ್ನು ಯಾರೂ ಕೇಳಲಿಲ್ಲ.

ಸಂತೆಕಟ್ಟೆ‌ಅಮ್ಮ

ಸಾಂತಾ ಬಂದ ಮೇಲಿನ ಉಡುಗೊರೆಯ ಬಗ್ಗೆ ಒಂದು ಮಾತು. ನಾವು ಹೋದ ಒಂದು ಕಡೆ ಏನಾಯಿತು ಗೊತ್ತಾ? ಕಮಿಟಿಯವರು ಎಲ್ಲರಿಗೂ ಒಂದೇ ಥರ ಬಣ್ಣದ ಪೆನ್ಸಿಲ್ ಇಟ್ಟಿದ್ದರು. ಆದರೆ ಕೆಲವು ತಂದೆತಾಯಿ ತಮ್ಮ ಮಗುವಿಗೆ ಅಂತ ದೊಡ್ಡ ದೊಡ್ಡ ಡಬ್ಬ ತಂದು ಸಾಂತಾನ ಚೀಲಕ್ಕೆ ಗುಟ್ಟಾಗಿ ಹಾಕಿಸಿದ್ದರು. ಮೈಕಲ್ಲಿ ಹೆಸರು ಕರೆದು ಒಂದು ಮಗುವಿಗೆ ರಿಮೋಟ್ ಕಾರು, ಅದರ ಹಿಂದಿನ ಮಗುವಿಗೆ ಪೆನ್ಸಿಲ್. ನನ್ನ ಮಗ ಆಟೋದಲ್ಲಿ ಕೇಳಿದ, "ಅಮ್ಮ, ನಾನು ಏನು ತಪ್ಪು ಮಾಡಿದ್ದೆ?" ಅಂತ. ಸಾಂತಾ ಒಳ್ಳೆಯ ಮಕ್ಕಳಿಗೆ ಮಾತ್ರ ಕೊಡುತ್ತಾನೆ ಅಂತ ನಾವೇ ಹೇಳಿಟ್ಟಿದ್ದೆವಲ್ಲ.

ದಯವಿಟ್ಟು ಹೊರಗಿನ ಡಬ್ಬ ತೆಗೆದುಕೊಳ್ಳಬೇಡಿ. ಎಷ್ಟೇ ದೊಡ್ಡವರು ತಂದರೂ ವಾಪಸ್ ಕೊಡಿ.

ಹಳೆಕಾರ್ಯದರ್ಶಿ

ಇದು ನಮ್ಮಲ್ಲೂ ನಡೆದಿದೆ. ಬೇಡ ಅಂದರೆ ಮುನಿಸು. ಆದರೂ ಬೇಡ ಅನ್ನಲೇಬೇಕು, ಅಕ್ಕ ಹೇಳಿದ್ದು ಸರಿ.

ಗಾಳಿಮರ

ಅಲಂಕಾರದ ಬಗ್ಗೆ ಯಾರೂ ಮಾತಾಡಲಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ ಆದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಉಂಟು, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಉಂಟು, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಉಂಟು. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರೂ ಉಂಟು. ಹೆಚ್ಚಿನ ಕ್ರಿಸ್ಮಸ್ ಕಾರ್ಯಕ್ರಮಗಳು ಇದರಲ್ಲೇ ನಿಂತಿವೆ. ಹಾಳೆತಟ್ಟೆ ಹುಟ್ಟುವ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ತಟ್ಟೆ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಕ್ರಿಸ್ಮಸ್ ಮರಕ್ಕೆ ಗಾಳಿಮರದ ಗೆಲ್ಲು ಸಾಕು. ಕಡಲತಡಿಯಲ್ಲಿ ಅರಣ್ಯ ಇಲಾಖೆ ನೆಟ್ಟದ್ದನ್ನು ಕಡಿಯಬೇಡಿ, ಯಾರದ್ದಾದರೂ ಜಾಗದಲ್ಲಿ ಇದ್ದರೆ ಕೇಳಿ ತನ್ನಿ.

ನಕ್ಷತ್ರವನ್ನು ಮಕ್ಕಳಿಂದ ಮಾಡಿಸಿ. ದೀಪಾವಳಿಗೆ ಗೂಡುದೀಪ ಕಟ್ಟುವ ಮಕ್ಕಳು ಪ್ರತಿ ಓಣಿಯಲ್ಲೂ ಇದ್ದಾರೆ, ಅವರಿಗೆ ಇದು ದೊಡ್ಡ ವಿಷಯವೇ ಅಲ್ಲ. ಒಂದೇ ಉದ್ದದ ಬಿದಿರಿನ ಕಡ್ಡಿ ಹತ್ತು ಬೇಕು. ಐದೈದು ಸೇರಿಸಿ ನೂಲಿನಲ್ಲಿ ಕಟ್ಟಿದರೆ ಎರಡು ನಕ್ಷತ್ರ. ಒಂದರ ಮೇಲೆ ಒಂದು ಇಟ್ಟು ಐದು ತುದಿಗಳನ್ನು ಒಟ್ಟಿಗೆ ಕಟ್ಟಿ. ಆಮೇಲೆ ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗದಲ್ಲಿ ಗೇಣಿಗಿಂತ ಚಿಕ್ಕ ತುಂಡು ಕಡ್ಡಿ ಅಡ್ಡ ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಮೇಲೆ ಬಣ್ಣದ ಕಾಗದ, ಮೈದಾ ಅಂಟು. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ ಇಡಿ. ಮೇಣದ ಬತ್ತಿ ಬೇಡ. ಬಿದಿರು ಸೀಳುವುದು ದೊಡ್ಡವರ ಕೆಲಸ, ಚೂರು ಚುಚ್ಚಿದರೆ ಬೆರಳು ಕೀವು ಆಗುತ್ತದೆ.

ಕಿನ್ನಿಗೋಳಿಹುಡುಗ

ಸ್ಪರ್ಧೆ ಇಡುತ್ತೀರಾ ಇಲ್ವಾ? ಬಹುಮಾನ ಇಲ್ಲದಿದ್ದರೆ ಏಳನೇ ಕ್ಲಾಸಿನ ಮೇಲಿನವರು ಯಾರೂ ಬರುವುದಿಲ್ಲ, ಮೊದಲೇ ಹೇಳುತ್ತಿದ್ದೇನೆ. ಗೋಣಿಚೀಲದ ಓಟ, ಹಗ್ಗಜಗ್ಗಾಟ, ಲಗೋರಿ ಇರಲಿ. ಕೊನೆಗೆ ಒಂದು ಹೌಸಿ (ನಂಬರ್ ಕೂಗಿ ಚೀಟಿಯಲ್ಲಿ ಗುರುತು ಹಾಕುವ ಆಟ) ಇಲ್ಲದಿದ್ದರೆ ಅದು ಕ್ರಿಸ್ಮಸ್ಸೇ ಅಲ್ಲ.

ನಿವೃತ್ತಟೀಚರ್

ಓಟಕ್ಕೆ ಬಹುಮಾನ ಇಡು ಮಗಾ, ಗೋದಲಿಗೆ, ನಕ್ಷತ್ರಕ್ಕೆ ಬೇಡ. ಅದಕ್ಕೆ ಬಹುಮಾನ ಇಟ್ಟರೆ ಮಕ್ಕಳ ಬದಲು ಅಪ್ಪಂದಿರು ಕೂತು ಮಾಡುತ್ತಾರೆ. ಹೌಸಿ ದೊಡ್ಡವರು ಆಡಲಿ, ಅವರೂ ಎಲ್ಲಾದರೂ ಕೂರಬೇಕಲ್ಲ.

ಮಲ್ಲಿಗೆಅಟ್ಟೆ

ದಿನ ಯಾವುದು? ಅದನ್ನು ಮೊದಲು ಹೇಳಿ. 25ರ ಮೊದಲು ಸ್ಕೂಲ್ ಡೇಗಳು, ಶನಿವಾರ ಭಾನುವಾರ ಕಂಬಳ. ಮನೆಯಲ್ಲಿ ಕುಸ್ವಾರ್ ಕೆಲಸ. 26 ದಾಟಿದರೆ ಹೊರದೇಶದವರು ಬಂದಿರುತ್ತಾರೆ, ರೋಸ್ (ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮದುವೆ ಸಾಲು ಸಾಲು. ಸಭಾಂಗಣವೂ ಸಿಗುವುದಿಲ್ಲ, ಬ್ಯಾಂಡೂ ಸಿಗುವುದಿಲ್ಲ. ಮಲ್ಲಿಗೆಯ ರೇಟ್ ಅಂತೂ ಕೇಳಲೇಬೇಡಿ (ಬೆಳೆಯುವವರಾದ ನಮಗೆ ಖುಷಿ, ಅದು ಬೇರೆ).

ನನ್ನ ಸಲಹೆ 28. ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳನ್ನು ಚರ್ಚ್ ನೆನೆಯುವ ದಿನ ಅದು, ಮಕ್ಕಳ ದಿನವೇ ಅನ್ನಬಹುದು. 25ಕ್ಕೆ ಕ್ರಿಸ್ಮಸ್ ಮುಗಿಯುವುದೂ ಇಲ್ಲ, ಆವತ್ತು ಶುರುವಾಗಿ ಜನವರಿಯ ಮೂರು ರಾಯರ ಹಬ್ಬ ದಾಟುವವರೆಗೂ ಉಂಟು. ಎಲ್ಲರೂ ಡಿಸೆಂಬರ್ ಮೊದಲ ವಾರದಿಂದಲೇ ಕೇಕ್ ಕತ್ತರಿಸುತ್ತಾರೆ, ನತಾಲ್ ಬರುವಾಗ ಮಕ್ಕಳಿಗೆ ಸಾಕಾಗಿರುತ್ತದೆ.

ಹಳೆಕಾರ್ಯದರ್ಶಿ

28 ಚೆನ್ನಾಗಿದೆ. ಆದರೆ ಕ್ರಿಸ್ಮಸ್ ರಜೆ ಎಲ್ಲ ಶಾಲೆಗೂ ಇರುವುದಿಲ್ಲ. ಹಾಗಾಗಿ ಸಂಜೆಯೇ ಆಗಬೇಕು. ನಾಲ್ಕೂವರೆಗೆ ಆಟ ಶುರು ಮಾಡಿ. ಈ ಸಮಯದಲ್ಲಿ ಆರೂ ಹತ್ತರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾದ ಕೂಡಲೇ ನಕ್ಷತ್ರ ಬೆಳಗಿಸಿ, ನಾಟಕ ಮಾಡಿಸಿ, ಸಾಂತಾನನ್ನು ಕಳಿಸಿ. ಏಳೂವರೆಗೆ ಊಟ, ಎಂಟಕ್ಕೆ ಮನೆ.

ಅತಿಥಿಗಳ ವಿಷಯಕ್ಕೆ ನಾನು ಕೊನೆಗೂ ಇಷ್ಟು ಒಪ್ಪುತ್ತೇನೆ. ಫಾದರ್ ಎರಡು ನಿಮಿಷ ಪ್ರಾರ್ಥನೆ ಮಾಡಲಿ, ಪಂಚಾಯತ್‌ನವರು ಓಟಕ್ಕೆ ಸೀಟಿ ಊದಲಿ, ದಾನಿಗಳು ಬಡಿಸಲಿ. ಜಿನಸಿ ಅಂಗಡಿಯವರ ಹೆಸರನ್ನು ಮಾತ್ರ ಮೈಕಲ್ಲಿ ನಾನೇ ಹೇಳುತ್ತೇನೆ, ಅದಕ್ಕೆ ಅಡ್ಡ ಬರಬೇಡಿ.

ಪೇಟೆಮನೆ

ಹೇಳಿ ಅಣ್ಣ, ಯಾರೂ ಅಡ್ಡ ಬರುವುದಿಲ್ಲ. ಸಭೆ ಮುಂದಿನ ಭಾನುವಾರ. ಶಾಲು, ಸ್ಮರಣಿಕೆ ಬೇಡ ಅಂತ ನಾನೇ ಮಾತು ಎತ್ತುತ್ತೇನೆ, ಗಲ್ಫ್‌ಬಾಕ್ಸ್ ಅವರ ಪೋಸ್ಟ್ ಓದಿ ಹೇಳುತ್ತೇನೆ. ರಾಗಿ ಮನೆಯಲ್ಲಿ ಉಂಟು. ಗೆರಟೆಗೆ ಎಣ್ಣೆ ಮಿಲ್ಲಿನಲ್ಲಿ ಕೇಳಬೇಕು. ಟೀಚರ್, ಕರುವಿಗೆ ಯಾರೂ ಒಪ್ಪಿಲ್ಲ, ಆಡು ಒಂದು ಸಿಗಬಹುದು. ಗೋಣಿಚೀಲ ಎಲ್ಲಿ ಸಿಗುತ್ತದೆ? ಈಗ ಅಂಗಡಿಯಲ್ಲೆಲ್ಲ ಪ್ಲಾಸ್ಟಿಕ್ ಚೀಲವೇ.

ಕಿನ್ನಿಗೋಳಿಹುಡುಗ

ಪ್ಲಾಸ್ಟಿಕ್ ಚೀಲದಲ್ಲಿ ಓಡಿಸಬೇಡಿ, ಕಾಲು ಜಾರಿ ಮುಖ ಅಡಿ ಬೀಳುತ್ತಾರೆ. ನಮ್ಮ ಮಾವನ ಅಡಿಕೆ ಅಂಗಡಿಯಲ್ಲಿ ಹಳೆಯ ಸೆಣಬಿನ ಗೋಣಿ ಉಂಟು, ಬೇಕಾದಷ್ಟು ತರುತ್ತೇನೆ. ಒಂದೇ ಷರತ್ತು. ಹೌಸಿಯ ನಂಬರ್ ನಾನು ಕೂಗುವುದು.